ಅಕ್ಷರಗಳ ಉಗ್ರಾಣಿ

(ಮುದ್ರಣ ಮತ್ತು ಪುಟವಿನ್ಯಾಸದ ಕೆಲಸದಲ್ಲಿರುವವರ ಎದುರು ಮಾಡಿದ ಉಪನ್ಯಾಸದ ಪಠ್ಯ)



ಡಿಟಿಪಿ ಅಂಗಡಿಗಳಲ್ಲಿ ಆಗಾಗ ನಡೆಯುವ ಒಂದು ಸಂಗತಿಯಿಂದ ಈ ಮಾತನ್ನು ಆರಂಭಿಸಬಹುದು. ನಿವೃತ್ತ ಶಾಲಾ ಮೇಷ್ಟ್ರೊಬ್ಬರು ತಮ್ಮ ಊರಿನ ಚರಿತ್ರೆಯನ್ನು ಬರೆದು ಪುಸ್ತಕವಾಗಿ ಅಚ್ಚು ಹಾಕಿಸಿ ಇಪ್ಪತ್ತು ವರ್ಷಗಳಾಗಿವೆ. ಪ್ರತಿಗಳೆಲ್ಲ ಮುಗಿದಿವೆ. ಈ ಸಲದ ಜಾತ್ರೆಯ ಹೊತ್ತಿಗೆ ಎರಡನೆಯ ಮುದ್ರಣ ತರೋಣವೆಂದು ಊರಿನವರು ಹೇಳಿದ್ದಾರೆ. ಮೇಷ್ಟ್ರು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದ ಸಿ.ಡಿ.ಯನ್ನು ತೆಗೆದುಕೊಂಡು ಅಂಗಡಿಗೆ ಬರುತ್ತಾರೆ. ಗಣಕಯಂತ್ರದ ಮುಂದೆ ಕುಳಿತ ಹುಡುಗ ಅದನ್ನು ಹಾಕಿ ಫೈಲನ್ನು ತೆರೆಯುತ್ತಾನೆ.

'ಮೇಷ್ಟ್ರೇ, ಫೈಲೇನೋ ತೆರೆದುಕೊಂಡಿತು. ಆದರೆ ಕನ್ನಡ ಇಲ್ಲ ನೋಡಿ.'

'ಇಲ್ಲ ಅಂದರೇನಪ್ಪಾ? ಇಷ್ಟೊಂದು ಬರೆದಿದೆಯಲ್ಲ ಅದರಲ್ಲಿ!'

ಬರೆದಿರುವುದೇನೋ ನಿಜ. ಪರದೆಯ ತುಂಬ ರೋಮನ್ ಅಕ್ಷರಗಳಿವೆ. ಕೆಲವುಗಳ ತಲೆಯ ಮೇಲೆ ಓರೆಗೆರೆ, ಕೆಲವುಗಳ ಮೇಲೆ ಚುಕ್ಕೆ. ನಡುನಡುವೆ ಬ್ರಿಟಿಷ್ ಪೌಂಡಿನ ಗುರುತು, ಜರ್ಮನ್ ಭಾಷೆಯ ಅಕ್ಷರ. ಊರಿನ ಕೆರೆ, ಕೋಟೆ, ವೀರಗಲ್ಲುಗಳ ಕಥೆಯಲ್ಲಿ ಒಂದಕ್ಷರವನ್ನೂ ಓದುವಂತಿಲ್ಲ. ಸಿ.ಡಿ. ಕೆಟ್ಟಿಲ್ಲ, ಫೈಲಿಗೆ ವೈರಸ್ ಹಿಡಿದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಆ ಪುಸ್ತಕಕ್ಕೆ ಬಳಸಿದ್ದ ಫಾಂಟ್ ಈ ಯಂತ್ರದಲ್ಲಿಲ್ಲ. ತೊಂದರೆ ಇರುವುದು ಅಷ್ಟೆ. ಆ ಫಾಂಟಿನ ಫೈಲು ಕೆಲವೇ ಹತ್ತು ಕಿಲೋಬೈಟ್‌ಗಳ ಒಂದು ಸಣ್ಣ ವಸ್ತು. ಅದಿಲ್ಲದೆ ಇನ್ನೂರು ಪುಟಗಳ ಪುಸ್ತಕ ಮೂಕವಾಗಿದೆ.

ಯಾವ ಫಾಂಟ್ ಎಲ್ಲಿದೆ, ಯಾವ ಕಡತಕ್ಕೆ ಯಾವುದು ಬೇಕು, ಅದನ್ನು ಯಾವಾಗ ಒದಗಿಸಬೇಕು, ಯಾವಾಗ ಒಳಗಿಡಬೇಕು ಎಂಬುದನ್ನು ಯಂತ್ರವೇ ನೋಡಿಕೊಳ್ಳುವ ವ್ಯವಸ್ಥೆಯೊಂದಿದೆ. ಅದನ್ನು 'ಫಾಂಟ್ ಮ್ಯಾನೇಜರ್' ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ 'ಅಕ್ಷರಗಳ ಉಗ್ರಾಣಿ' ಎಂಬ ಹೆಸರು ಚೆನ್ನಾಗಿ ಹೊಂದುತ್ತದೆ. ಮದುವೆ ಮನೆಯಲ್ಲಿ ಉಗ್ರಾಣಿ ಪಂಕ್ತಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆದರೆ ಬೆಲ್ಲ ಎಲ್ಲಿದೆ, ಏಲಕ್ಕಿ ಎಲ್ಲಿದೆ ಎಂದು ಅವನಿಗೆ ತಿಳಿಯದಿದ್ದರೆ ಅಡುಗೆ ಭಟ್ಟರ ಕೈ ಕಟ್ಟಿದಂತೆ. ಈ ಉಗ್ರಾಣಿ ಹೇಗೆ ಹುಟ್ಟಿದ, ಏನು ಮಾಡುತ್ತಾನೆ, ಕನ್ನಡದ ಮಟ್ಟಿಗೆ ಅವನ ಕೆಲಸ ಏಕೆ ಇಷ್ಟು ಮುಖ್ಯವಾಯಿತು ಎಂಬುದೇ ಇಂದಿನ ವಿಷಯ.

ಮೊಳೆಗಳ ಮನೆ

ಅಕ್ಷರಗಳನ್ನು ಕಾಯುವ ಕೆಲಸ ಗಣಕಯಂತ್ರದಿಂದ ಹುಟ್ಟಿದ್ದಲ್ಲ. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚಿನಲ್ಲಿ ಕೈಬರಹವೇ ಪುಟವಾಗುತ್ತದೆ. ಬಿಡಿ ಅಕ್ಷರಗಳ ದಾಸ್ತಾನು ಬೇಕಿಲ್ಲ. ಸೀಸದ ಅಚ್ಚುಮೊಳೆಗಳು ಬಂದ ಮೇಲೆ ಆ ಅನುಕೂಲ ಹೋಯಿತು. ಪ್ರತಿಯೊಂದು ಅಕ್ಷರಕ್ಕೂ ಬೇರೆ ಮೊಳೆ, ಪ್ರತಿಯೊಂದು ಮೊಳೆಗೂ ಮರದ ಕೇಸಿನಲ್ಲಿ ಒಂದು ಮನೆ.

ಇಂಗ್ಲಿಷಿನವರಿಗೆ ಈ ಮನೆಗಳು ಕಡಿಮೆ. ದೊಡ್ಡಕ್ಷರಗಳನ್ನು ಮೇಲಿನ ಕೇಸಿನಲ್ಲಿ, ಸಣ್ಣಕ್ಷರಗಳನ್ನು ಕೆಳಗಿನ ಕೇಸಿನಲ್ಲಿ ಇಡುತ್ತಿದ್ದರು. 'ಅಪ್ಪರ್ ಕೇಸ್', 'ಲೋಯರ್ ಕೇಸ್' ಎಂಬ ಹೆಸರುಗಳು ಹುಟ್ಟಿದ್ದು ಅಲ್ಲಿಂದಲೇ. ಕನ್ನಡದ ಲೆಕ್ಕ ಬೇರೆ. 34 ವ್ಯಂಜನಗಳು, ಒಂದೊಂದಕ್ಕೆ ಕಾಗುಣಿತದ 15 ರೂಪಗಳು ಎಂದರೆ ಅಲ್ಲಿಗೇ 510 ಆಯಿತು. ಮೇಲೆ ಒತ್ತಕ್ಷರಗಳು, ಅಂಕಿಗಳು, ಚಿಹ್ನೆಗಳು. ಇವಕ್ಕೆಲ್ಲ ಪೂರ್ಣ ಮೊಳೆಗಳನ್ನು ಎರಕ ಹೊಯ್ಯುವುದು ಕಷ್ಟವೆಂದು ಕೆಲವನ್ನು ತುಂಡು ಮಾಡಿ ಜೋಡಿಸುವ ಉಪಾಯ ಮಾಡಿದರು. ಆದರೂ ಕನ್ನಡದ ಕಂಪಾಸಿಟರನ ಮುಂದೆ ನೂರಾರು ಮನೆಗಳಿರುತ್ತಿದ್ದವು. ಕಣ್ಣು ಕರಡಿನ ಮೇಲೆ, ಕೈ ಮೊಳೆಯ ಮನೆಯ ಮೇಲೆ. ಯಾವ ಅಕ್ಷರ ಎಲ್ಲಿದೆ ಎಂಬುದು ಅವನ ಬೆರಳಿಗೇ ಗೊತ್ತಿತ್ತು.

ಅಚ್ಚು ಮುಗಿದ ಮೇಲೆ ಇನ್ನೊಂದು ಕೆಲಸವಿರುತ್ತಿತ್ತು. ಜೋಡಿಸಿದ ಪುಟವನ್ನು ಬಿಚ್ಚಿ, ಮೊಳೆಗಳನ್ನು ತೊಳೆದು, ಒಂದೊಂದನ್ನೂ ಅದರದರ ಮನೆಗೆ ಮರಳಿ ಹಾಕಬೇಕು. ಬೇಸರದ ಕೆಲಸ, ಹೊಸದಾಗಿ ಸೇರಿದ ಹುಡುಗರ ಪಾಲಿಗೆ ಬರುತ್ತಿದ್ದದ್ದು ಅದೇ. ಅದರಲ್ಲಿ ತಪ್ಪಿದರೆ ಮರುದಿನ 'ಮನೆ' ಎಂದು ಜೋಡಿಸಿದ್ದು 'ಮಣೆ' ಎಂದು ಅಚ್ಚಾಗುತ್ತಿತ್ತು. ಒಂದೇ ಗಾತ್ರದ, ಆದರೆ ಬೇರೆ ಫೌಂಡ್ರಿಯ ಮೊಳೆಗಳು ಬೆರೆತರೆ ಸಾಲು ಏರುಪೇರಾಗುತ್ತಿತ್ತು. ಮೊಳೆ ಕಳೆಯಬಾರದು, ಬೆರೆಯಬಾರದು, ಬೇಕಾದಾಗ ಕೈಗೆ ಸಿಗಬೇಕು. ಫಾಂಟ್ ನಿರ್ವಹಣೆಯ ಸೂತ್ರವೆಲ್ಲ ಇಷ್ಟೇ. ಯಂತ್ರ ಬದಲಾದರೂ ಸೂತ್ರ ಬದಲಾಗಲಿಲ್ಲ.

ಹೆಸರಿಗೆ ಬದಲು ಅಂಕಿ

1984ರ ಜನವರಿಯಲ್ಲಿ ಅಮೆರಿಕದ ಆಪಲ್ ಕಂಪನಿ ಮೆಕಿಂತಾಷ್ ಗಣಕವನ್ನು ಬಿಡುಗಡೆ ಮಾಡಿತು. ಬಗೆಬಗೆಯ ಅಕ್ಷರಶೈಲಿಗಳನ್ನು ಪರದೆಯ ಮೇಲೆಯೇ ತೋರಿಸಿದ್ದು ಅದರ ಹೆಗ್ಗಳಿಕೆಗಳಲ್ಲೊಂದು. ಆ ಅಕ್ಷರಗಳಲ್ಲಿ ಹೆಚ್ಚಿನವನ್ನು ಚುಕ್ಕೆ ಚುಕ್ಕೆಯಾಗಿ ಬಿಡಿಸಿದವರು ಸೂಸನ್ ಕೇರ್ ಎಂಬ ಕಲಾವಿದೆ. ಮೊದಲು ಅವುಗಳಿಗೆ ಫಿಲಡೆಲ್ಫಿಯಾ ನಗರದ ಹೊರವಲಯದ ರೈಲು ನಿಲ್ದಾಣಗಳ ಹೆಸರಿಟ್ಟಿದ್ದರು. ನಗರಗಳ ಹೆಸರೇ ಇಡುವುದಾದರೆ ಜಗತ್ತಿನ ದೊಡ್ಡ ನಗರಗಳ ಹೆಸರಿರಲಿ ಎಂದು ಸ್ಟೀವ್ ಜಾಬ್ಸ್ ಸೂಚಿಸಿದ ಮೇಲೆ ಅವು ಷಿಕಾಗೋ, ಜಿನೀವಾ, ನ್ಯೂಯಾರ್ಕ್, ಲಂಡನ್ ಎಂದಾದವು.

ಜನರಿಗೆ ಕಾಣುತ್ತಿದ್ದದ್ದು ಈ ಚೆಂದದ ಹೆಸರುಗಳು. ಯಂತ್ರವಾದರೋ ಅವುಗಳನ್ನು ಅಂಕಿಯಿಂದ ಗುರುತಿಸುತ್ತಿತ್ತು. ಒಂದು ಫಾಂಟಿಗೆ 0ಯಿಂದ 255ರ ವರೆಗಿನ ಯಾವುದಾದರೂ ಒಂದು ಅಂಕಿ. ಅದರಲ್ಲಿ ಅರ್ಧ ಆಪಲ್ ಕಂಪನಿಗೇ ಮೀಸಲು. ಫಾಂಟ್ ತಯಾರಿಸುವವರು ಹೆಚ್ಚಿದಂತೆ ಒಂದೇ ಅಂಕಿಯನ್ನು ಇಬ್ಬರು ಬಳಸುವುದು ಅನಿವಾರ್ಯವಾಯಿತು. ಒಂದು ಕಚೇರಿಯಲ್ಲಿ ಒಂದು ಶೈಲಿಯಲ್ಲಿ ಸಿದ್ಧಪಡಿಸಿದ ಪುಟ ಇನ್ನೊಂದು ಕಚೇರಿಯ ಯಂತ್ರದಲ್ಲಿ ಬೇರೊಂದು ಶೈಲಿಯಲ್ಲಿ ಮೈದೋರುತ್ತಿತ್ತು. ಆ ಅಂಕಿಯ ಮನೆಯಲ್ಲಿ ಅಲ್ಲಿ ಬೇರೆಯವರು ವಾಸವಾಗಿದ್ದರು! ಮುಂದೆ ಅಂಕಿಗಳ ವ್ಯಾಪ್ತಿಯನ್ನು ಹಿಗ್ಗಿಸಿದರು, ಕ್ರಮೇಣ ತಂತ್ರಾಂಶಗಳು ಫಾಂಟನ್ನು ಹೆಸರಿನಿಂದ ಗುರುತಿಸತೊಡಗಿದವು.

1985ರಲ್ಲಿ ಎರಡು ಘಟನೆಗಳು ಜೊತೆಯಾಗಿ ನಡೆದವು. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಷ್ಕಿ 1982ರಲ್ಲಿ ಸ್ಥಾಪಿಸಿದ್ದ ಅಡೋಬಿ ಕಂಪನಿಯ 'ಪೋಸ್ಟ್‌ಸ್ಕ್ರಿಪ್ಟ್' ಎಂಬ ಪುಟವಿವರಣೆಯ ಭಾಷೆ ಆಪಲ್‌ನ ಲೇಸರ್ ಮುದ್ರಕದೊಳಗೆ ಸೇರಿತು. ಅದೇ ವರ್ಷ ಪಾಲ್ ಬ್ರೇನರ್ಡ್ ಅವರ ಆಲ್ಡಸ್ ಕಂಪನಿ 'ಪೇಜ್‌ಮೇಕರ್' ತಂತ್ರಾಂಶವನ್ನು ತಂದಿತು. 'ಡೆಸ್ಕ್‌ಟಾಪ್ ಪಬ್ಲಿಷಿಂಗ್' ಎಂಬ ಮಾತನ್ನು ಬಳಕೆಗೆ ತಂದವರು ಬ್ರೇನರ್ಡ್ ಅವರೇ. ಇಂದು ಹೋಬಳಿ ಊರುಗಳ ಬೋರ್ಡುಗಳಲ್ಲೂ ಕಾಣುವ 'ಡಿಟಿಪಿ' ಎಂಬ ಮೂರಕ್ಷರದ ಮೂಲ ಅಲ್ಲಿದೆ.

ಫಾಂಟುಗಳ ಸಂಖ್ಯೆ ಈಗ ಬೆಳೆಯಿತು. ಒಂದೊಂದು ಫಾಂಟಿಗೂ ಎರಡೆರಡು ಫೈಲು: ಪರದೆಗೆ ಒಂದು, ಮುದ್ರಕಕ್ಕೆ ಇನ್ನೊಂದು. ಒಂದು ಕಳೆದರೆ ಇನ್ನೊಂದು ಉಪಯೋಗಕ್ಕಿಲ್ಲ. ಎಲ್ಲವನ್ನೂ ಯಂತ್ರದೊಳಗೆ ತುಂಬಿದರೆ ಅದು ಆಮೆಯಂತಾಗುತ್ತಿತ್ತು. ಫಾಂಟುಗಳ ಪಟ್ಟಿ ಪರದೆಯ ಮೇಲಿಂದ ಕೆಳಗೆ ಇಳಿದು ಮುಗಿಯುತ್ತಲೇ ಇರಲಿಲ್ಲ. ಒಂದು ಕೆಟ್ಟ ಫಾಂಟ್ ಸೇರಿಕೊಂಡರೆ ಇಡೀ ಯಂತ್ರ ನಿಂತುಹೋಗುತ್ತಿತ್ತು. ಫಾಂಟುಗಳನ್ನು ಹೊರಗೆಲ್ಲೋ ಇಟ್ಟು, ಬೇಕಾದಾಗ ಮಾತ್ರ ಒಳಗೆ ಕರೆಯುವ ಉಪಾಯ ಬೇಕಾಯಿತು. 1980ರ ದಶಕದ ಕೊನೆಯ ಭಾಗದಲ್ಲಿ 'ಸೂಟ್‌ಕೇಸ್' ಎಂಬ ತಂತ್ರಾಂಶ ಬಂದದ್ದು ಈ ಕೆಲಸಕ್ಕೆ. ಅದು ಮೊದಲ ಉಗ್ರಾಣಿಗಳಲ್ಲೊಬ್ಬ. ಅನಂತರ 'ಅಡೋಬಿ ಟೈಪ್ ಮ್ಯಾನೇಜರ್' ಬಂದಿತು. ಅದರ ಹ್ರಸ್ವ ರೂಪ ಎಟಿಎಂ. ಹಣ ಕೊಡುವ ಎಟಿಎಂ ನಮ್ಮ ಊರುಗಳಿಗೆ ಬರುವ ಮೊದಲೇ ಡಿಟಿಪಿಯವರ ಬಾಯಲ್ಲಿ ಈ ಎಟಿಎಂ ಓಡಾಡುತ್ತಿತ್ತು.

ಉಗ್ರಾಣಿ ಮಾಡುವುದೇನು?

ಕೈಯಿಂದ ಮಾಡುವ ಫಾಂಟ್ ನಿರ್ವಹಣೆ ಹೀಗಿರುತ್ತದೆ: ಕೆಲಸ ಬಂದಾಗ ಬೇಕಾದ ಫಾಂಟುಗಳನ್ನು ಹುಡುಕಿ ಯಂತ್ರಕ್ಕೆ ಸೇರಿಸುವುದು, ಕೆಲಸ ಮುಗಿದ ಮೇಲೆ ತೆಗೆಯುವುದು. ಸೇರಿಸುವುದನ್ನು ಎಲ್ಲರೂ ಮಾಡುತ್ತಾರೆ. ತೆಗೆಯುವುದನ್ನು ಯಾರೂ ಮಾಡುವುದಿಲ್ಲ. ಮೊಳೆಗಳನ್ನು ಮರಳಿ ಮನೆಗೆ ಹಾಕುವ ಬೇಸರದ ಕೆಲಸ ಅಂದಿನಂತೆ ಇಂದೂ ಯಾರಿಗೂ ಬೇಡ.

ಇದನ್ನು ಯಂತ್ರಕ್ಕೇ ವಹಿಸಿದಾಗ ಏನಾಗುತ್ತದೆ ಎಂಬುದನ್ನು ಹಂತ ಹಂತವಾಗಿ ನೋಡಬಹುದು. ಪುಟವಿನ್ಯಾಸದ ಪ್ರತಿಯೊಂದು ಕಡತದ ಒಳಗೂ ತನಗೆ ಬೇಕಾದ ಫಾಂಟುಗಳ ಪಟ್ಟಿಯೊಂದಿರುತ್ತದೆ. ಫಾಂಟುಗಳು ಸಾಮಾನ್ಯವಾಗಿ ಅದರಲ್ಲಿರುವುದಿಲ್ಲ, ಅವುಗಳ ಹೆಸರು ಮಾತ್ರ. ಅದು ಅಡುಗೆ ಭಟ್ಟರು ಬರೆದುಕೊಟ್ಟ ಸಾಮಾನಿನ ಚೀಟಿಯಂತೆ. ಕಡತವನ್ನು ತೆರೆದಾಗ ಇನ್‌ಡಿಸೈನ್, ಇಲ್ಲಸ್ಟ್ರೇಟರ್, ಕ್ವಾರ್ಕ್‌ಎಕ್ಸ್‌ಪ್ರೆಸ್ ಮೊದಲಾದ ತಂತ್ರಾಂಶಗಳಲ್ಲಿ ಉಗ್ರಾಣಿಯ ಕಡೆಯಿಂದ ಕುಳಿತಿರುವ ಒಬ್ಬ ಆಳು, ಅಂದರೆ 'ಪ್ಲಗ್-ಇನ್' ಎಂಬ ಪುಟ್ಟ ತಂತ್ರಾಂಶ, ಆ ಚೀಟಿಯನ್ನು ಓದುತ್ತದೆ. ಒಳಗಿನ ಉಗ್ರಾಣದ ದಾಖಲೆ ಪುಸ್ತಕದಲ್ಲಿ ಪ್ರತಿಯೊಂದು ಫಾಂಟಿನ ಹೆಸರು, ಕುಟುಂಬ, ತಯಾರಿಸಿದವರು, ಆವೃತ್ತಿ ಎಲ್ಲವೂ ದಾಖಲಾಗಿರುತ್ತವೆ. ಹೆಸರು ಹೊಂದಿದ ಫಾಂಟನ್ನು ಉಗ್ರಾಣಿ ತೆಗೆದು ಯಂತ್ರಕ್ಕೆ ಒದಗಿಸುತ್ತಾನೆ. ಕೂಡಲೇ ಅದು ಎಲ್ಲ ತಂತ್ರಾಂಶಗಳಿಗೂ ಕಾಣುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮರಳಿ ಒಳಗಿಡುವಂತೆ ಹೇಳಿಡಬಹುದು. ಇದಕ್ಕೆ 'ಆಟೋ ಆಕ್ಟಿವೇಷನ್' ಎಂದು ಹೆಸರು. ತಾನೇ ತಾನಾಗಿ ಚಾಲೂ ಮಾಡುವುದು ಎಂದರ್ಥ.

ಚೀಟಿಯಲ್ಲಿರುವ ಹೆಸರಿನ ಫಾಂಟ್ ಸಿಗದಿದ್ದರೆ ಒಳ್ಳೆಯ ಉಗ್ರಾಣಿ ಇಲ್ಲವೆಂದು ಸ್ಪಷ್ಟವಾಗಿ ಹೇಳುತ್ತಾನೆ. ಇನ್‌ಡಿಸೈನ್‌ನಲ್ಲಿ ಅಂಥ ಸಾಲುಗಳ ಹಿಂದೆ ಗುಲಾಬಿ ಬಣ್ಣ ಮೂಡುತ್ತದೆ. ಕೆಟ್ಟ ಉಗ್ರಾಣಿ ಸುಮ್ಮನೆ ಬೆಲ್ಲದ ಬದಲು ಸಕ್ಕರೆ ಕೊಟ್ಟುಬಿಡುತ್ತಾನೆ. ಎರಡನೆಯದೇ ಹೆಚ್ಚು ಅಪಾಯ. ಏಕೆಂದರೆ ಬದಲಿ ಫಾಂಟಿನ ಅಕ್ಷರಗಳ ಅಗಲ ಕೂದಲೆಳೆಯಷ್ಟು ಹೆಚ್ಚಿದ್ದರೂ ಸಾಲು ಮುರಿಯುವ ಜಾಗ ಬದಲಾಗುತ್ತದೆ. ಸಾಲು ಬದಲಾದರೆ ಪ್ಯಾರಾ ಬೆಳೆಯುತ್ತದೆ, ಪ್ಯಾರಾ ಬೆಳೆದರೆ ಪುಟದ ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರುತ್ತದೆ. ಪರಿವಿಡಿಯ ಪುಟಸಂಖ್ಯೆಗಳೆಲ್ಲ ಸುಳ್ಳಾಗುತ್ತವೆ. ಜಾಹೀರಾತಿನ ಚೌಕಟ್ಟಿನಲ್ಲಿ ಕೊನೆಯ ಸಾಲೇ ಮಾಯವಾಗಬಹುದು, ಆ ಸಾಲಿನಲ್ಲಿ ದೂರವಾಣಿ ಸಂಖ್ಯೆಯೇ ಇರಬಹುದು.

ಹೆಸರೊಂದೇ ಸಾಲದು ಎಂಬುದಕ್ಕೆ ಹೆಲ್ವೆಟಿಕಾ ಫಾಂಟಿನ ಕಥೆಯೇ ಸಾಕ್ಷಿ. 1957ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮ್ಯಾಕ್ಸ್ ಮೀಡಿಂಗರ್ ರೂಪಿಸಿದ ಈ ಶೈಲಿಗೆ 1960ರಲ್ಲಿ ಹೆಲ್ವೆಟಿಕಾ ಎಂಬ ಹೆಸರು ಬಂದಿತು. ಗಣಕಗಳ ಕಾಲದಲ್ಲಿ ಅದು ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ರೂಪದಲ್ಲೂ ಆಪಲ್‌ನ ಟ್ರೂಟೈಪ್ ರೂಪದಲ್ಲೂ ಬಂದಿತು. ಹೆಸರು ಒಂದೇ, ಒಳಗಿನ ಅಳತೆಗಳು ಬೇರೆ. 2001ರಲ್ಲಿ ಬಂದ ಮ್ಯಾಕ್ ಓಎಸ್ ಟೆನ್ ತನ್ನ ಸ್ವಂತ ಉಪಯೋಗಕ್ಕೆ ಒಂದು ಹೆಲ್ವೆಟಿಕಾವನ್ನು ಇಟ್ಟುಕೊಂಡಿತು. ವಿನ್ಯಾಸಕಾರರು ದುಡ್ಡು ಕೊಟ್ಟು ತಂದ ಹೆಲ್ವೆಟಿಕಾ ಅದರೊಡನೆ ಜಗಳಕ್ಕೆ ನಿಲ್ಲುತ್ತಿತ್ತು. ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಮೇಷ್ಟ್ರು ತಂದೆಯ ಹೆಸರನ್ನೂ ಸೇರಿಸಿ ಕೂಗುವಂತೆ, ಉಗ್ರಾಣಿ ತಂತ್ರಾಂಶಗಳೂ ಹೆಸರಿನ ಜೊತೆಗೆ ತಯಾರಕರು ಯಾರು, ಯಾವ ಬಗೆ, ಯಾವ ಆವೃತ್ತಿ ಎಂಬುದನ್ನೂ ತಾಳೆ ನೋಡುವುದನ್ನು ಕಲಿತವು.

ಉಗ್ರಾಣಿಯ ಅಧಿಕಾರಕ್ಕೂ ಒಂದು ಮಿತಿಯಿದೆ. 2023ರ ಜನವರಿಯಿಂದ ಅಡೋಬಿ ತನ್ನ ಪುಟವಿನ್ಯಾಸದ ತಂತ್ರಾಂಶಗಳಲ್ಲಿ 'ಟೈಪ್ ಒನ್' ಎಂಬ ಹಳೆಯ ಪೋಸ್ಟ್‌ಸ್ಕ್ರಿಪ್ಟ್ ಫಾಂಟುಗಳಿಗೆ ಬೆಂಬಲವನ್ನು ನಿಲ್ಲಿಸಿತು. ಆ ಫಾಂಟುಗಳನ್ನು ಹುಟ್ಟಿಸಿದ ಕಂಪನಿಯೇ ಅವುಗಳಿಗೆ ಬಾಗಿಲು ಹಾಕಿತು. ಫಾಂಟ್ ಡಿಸ್ಕಿನಲ್ಲೇ ಇದ್ದರೂ ಹೊಸ ತಂತ್ರಾಂಶ ಅದನ್ನು ಕಾಣದು. ಉಗ್ರಾಣದಲ್ಲಿ ಸಾಮಾನಿದೆ, ಆದರೆ ಅಡುಗೆ ಭಟ್ಟರು ಅದನ್ನು ಮುಟ್ಟುವುದಿಲ್ಲ!

ಕನ್ನಡದ ತೊಡಕು

ಇಂಗ್ಲಿಷ್ ಪುಸ್ತಕದ ಫಾಂಟ್ ಕಳೆದರೆ ಅಂದ ಹೋಗುತ್ತದೆ, ಅರ್ಥ ಹೋಗುವುದಿಲ್ಲ. ಬೇರೆ ಶೈಲಿಯಲ್ಲಾದರೂ ಅದನ್ನು ಓದಬಹುದು. ಹಳೆಯ ಪದ್ಧತಿಯ ಕನ್ನಡ ಪುಸ್ತಕದ ಫಾಂಟ್ ಕಳೆದರೆ ಬರಹವೇ ಹೋಗುತ್ತದೆ. ಈ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅಂದಿನ ಫಾಂಟುಗಳಲ್ಲಿದ್ದದ್ದು 256 ಮನೆಗಳು. ಮೊದಲ 32 ಯಂತ್ರದ ಆಜ್ಞೆಗಳಿಗೆ ಮೀಸಲು. ಬಳಸಲಾಗದ ಇನ್ನೂ ಕೆಲವನ್ನು ಕಳೆದರೆ ಉಳಿದದ್ದು ಸುಮಾರು 220. ಕಾಗುಣಿತಕ್ಕೇ 510 ಬೇಕಾದ ಭಾಷೆಯನ್ನು ಇಷ್ಟರಲ್ಲಿ ಹಿಡಿಸುವುದು ಹೇಗೆ? ಹಳೆಯ ಮೊಳೆ ಜೋಡಣೆಯವರ ಉಪಾಯವೇ ಮತ್ತೆ ನೆರವಿಗೆ ಬಂತು. ಅಕ್ಷರಗಳನ್ನು ತುಂಡು ಮಾಡಿದರು: ಮೈ ಒಂದು ತುಂಡು, ತಲೆಕಟ್ಟು ಒಂದು, ಕೊಂಬು ಒಂದು, ಒತ್ತು ಒಂದು. ಈ ತುಂಡುಗಳನ್ನು ರೋಮನ್ ಅಕ್ಷರಗಳಿರಬೇಕಾದ ಮನೆಗಳಲ್ಲಿ ಕೂರಿಸಿದರು. ಯಂತ್ರದ ಮಟ್ಟಿಗೆ ಅದು ರೋಮನ್ ಬರಹವೇ. ಮನುಷ್ಯರ ಕಣ್ಣಿಗೆ ಮಾತ್ರ ಕನ್ನಡ.

'ನುಡಿ' ಮತ್ತು 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ 'ಕನ್ನಡ' ಎಂಬ ಪದ ಶೇಖರವಾಗುವ ಬಗೆಯನ್ನೇ ನೋಡಬಹುದು. ಮೊದಲು ರೋಮನ್ ದೊಡ್ಡಕ್ಷರ 'ಪಿ'. ಅದರ ಪಕ್ಕ ತಲೆಯ ಮೇಲೆ ಓರೆಗೆರೆಯಿರುವ 'ಎ'. ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಗೆರೆಯ 'ಎ'. ಅನಂತರ ಜರ್ಮನ್ ಭಾಷೆಯ ಜೋಡಿ 'ಎಸ್'. ಆಮೇಲೆ ಸಣ್ಣ 'ಕ್ಯು', ಕೊನೆಯಲ್ಲಿ ಇನ್ನೊಮ್ಮೆ ಗೆರೆಯ 'ಎ'. ಒಟ್ಟು ಏಳು ಗುರುತು. ಗೆರೆಯ 'ಎ' ಎಂಬುದು ತಲೆಕಟ್ಟು, ಪೌಂಡಿನ ಗುರುತು ನಕಾರದ ಮೈ, ಜರ್ಮನ್ ಅಕ್ಷರವೇ ನಕಾರದ ಒತ್ತು. ಫಾಂಟ್ ಇರುವ ತನಕ ಈ ವೇಷ ಯಾರಿಗೂ ತಿಳಿಯುವುದಿಲ್ಲ. ಫಾಂಟ್ ಇಲ್ಲವಾದ ದಿನ ವೇಷ ಕಳಚಿ ಏಳು ಗುರುತುಗಳೂ ಬಯಲಿಗೆ ಬರುತ್ತವೆ. ಮೇಷ್ಟ್ರ ಸಿ.ಡಿ.ಯಲ್ಲಿ ಕಂಡದ್ದು ಇದನ್ನೇ.

ಎಲ್ಲರೂ ಒಂದೇ ಕ್ರಮದಲ್ಲಿ ತುಂಡುಗಳನ್ನು ಕೂರಿಸಿದ್ದರೆ ಒಂದು ಫಾಂಟ್ ಕಳೆದರೆ ಇನ್ನೊಂದು ಹಾಕಬಹುದಿತ್ತು. ಹಾಗಾಗಲಿಲ್ಲ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ 'ಶ್ರೀಲಿಪಿ', ಬೆಂಗಳೂರಿನ ಸೈಬರ್‌ಸ್ಕೇಪ್‌ನ 'ಆಕೃತಿ', ಸಿ-ಡ್ಯಾಕ್ ಸಂಸ್ಥೆಯ 'ಐಎಸ್ಎಂ' ಹೀಗೆ ಒಂದೊಂದರ ಜೋಡಣೆ ಒಂದೊಂದು ಬಗೆ. ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ 'ಇಸ್ಕಿ' ಎಂಬ ಸಂಕೇತ ಪದ್ಧತಿಯನ್ನು 1991ರಲ್ಲಿ ರಾಷ್ಟ್ರೀಯ ಮಾನಕವಾಗಿ ಪ್ರಕಟಿಸಿದ್ದರೂ ಅದು ಫಾಂಟಿನೊಳಗಿನ ತುಂಡುಗಳ ಜಾಗವನ್ನು ಕಟ್ಟಿಹಾಕಲಿಲ್ಲ. ಮುಂದೆ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಮತ್ತು ಶೇಷಾದ್ರಿವಾಸು ಅವರ 'ಬರಹ' ಒಂದೇ ಜೋಡಣೆಯನ್ನು ಅನುಸರಿಸಿದ್ದರಿಂದ ಆ ಎರಡರ ನಡುವೆಯಾದರೂ ಓಡಾಟ ಸಾಧ್ಯವಾಯಿತು. ವಾಣಿಜ್ಯ ತಂತ್ರಾಂಶಗಳನ್ನು ಹಲವೊಮ್ಮೆ 'ಡಾಂಗಲ್' ಎಂಬ ಬೀಗದೊಡನೆ ಮಾರುತ್ತಿದ್ದರು. ಬೆರಳುದ್ದದ ಆ ಬೀಗ ಕೆಟ್ಟರೆ ತಂತ್ರಾಂಶವೂ ಬಂದ್.

ಇಂಥ ಪರಿಸ್ಥಿತಿಯಲ್ಲಿ ತಾನೇ ತಾನಾಗಿ ನಡೆಯುವ ನಿರ್ವಹಣೆಯೇ ಎಡವಟ್ಟು ಮಾಡಬಲ್ಲದು. ಫಾಂಟ್ ಸಿಗದಿದ್ದಾಗ ಯಂತ್ರ ಬದಲಿಯನ್ನು ಹುಡುಕುತ್ತದಷ್ಟೆ? ಅದರ ದೃಷ್ಟಿಯಲ್ಲಿ ಬರಹವೆಲ್ಲ ರೋಮನ್. ಆದ್ದರಿಂದ ಅದು ನಿಷ್ಠೆಯಿಂದ ಒಂದು ರೋಮನ್ ಫಾಂಟನ್ನೇ ತಂದುಕೊಡುತ್ತದೆ! ಪದಸಂಸ್ಕರಣ ತಂತ್ರಾಂಶವೂ ವಾಕ್ಯದ ಮೊದಲ ಸಣ್ಣಕ್ಷರವನ್ನು ಉಪಕಾರವೆಂದು ದೊಡ್ಡಕ್ಷರ ಮಾಡುತ್ತದೆ. ಅಲ್ಲಿಗೆ ಕನ್ನಡದ ಅಕ್ಷರವೇ ಬದಲಾಗುತ್ತದೆ. ಒಂದೇ ಹೆಸರಿನ ಎರಡು ಆವೃತ್ತಿಗಳಲ್ಲಿ ಒಂದೆರಡು ಒತ್ತುಗಳ ಮನೆ ಬೇರೆಯಾಗಿದ್ದರಂತೂ ಕಷ್ಟ. ಪುಟವೆಲ್ಲ ಸರಿಯಾಗಿಯೇ ಕಾಣುತ್ತದೆ. ಹತ್ತು ಪುಟಕ್ಕೊಂದು ಅಕ್ಷರ ಮಾತ್ರ ತಪ್ಪಿರುತ್ತದೆ. ಕರಡು ತಿದ್ದುವವರಿಗೆ ಇಂಥ ತಪ್ಪಿಗಿಂತ ದೊಡ್ಡ ಶತ್ರುವಿಲ್ಲ.

ಯೂನಿಕೋಡ್ ತಂದ ನೆಮ್ಮದಿ

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಜಾಗಗಳ ಒಂದು ಕೇರಿಯನ್ನು ಕೊಟ್ಟಿದ್ದರು. ಇಲ್ಲಿ ತುಂಡುಗಳಿಗೆ ಸಂಖ್ಯೆಯಿಲ್ಲ, ಅಕ್ಷರಗಳಿಗೆ ಸಂಖ್ಯೆ. 'ಕನ್ನಡ' ಎಂಬ ಪದ ಇಲ್ಲಿ ಐದು ಸಂಕೇತಗಳಾಗಿ ಉಳಿಯುತ್ತದೆ: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಕೊನೆಗೆ ಡ. ಎರಡನೆಯ ನಕಾರ ಒತ್ತಾಗಿ ಕೆಳಗೆ ಕೂರಬೇಕೆಂಬುದನ್ನು ಫಾಂಟ್ ಮತ್ತು ತಂತ್ರಾಂಶ ಸೇರಿ ತೀರ್ಮಾನಿಸುತ್ತವೆ. ಬರಹ ಬೇರೆ, ಅದರ ಉಡುಪು ಬೇರೆ ಎಂಬ ವಿಂಗಡಣೆ ಕನ್ನಡಕ್ಕೂ ದೊರಕಿತು. ಉಡುಪು ಕಳೆದರೂ ಬರಹ ಉಳಿಯುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಕನ್ನಡ ಫಾಂಟ್ ಬಂದ ಮೇಲೆ ಸಾಮಾನ್ಯ ಬಳಕೆದಾರರಿಗೂ ಇದರ ಪರಿಚಯವಾಯಿತು.

ಆದರೂ ಅಚ್ಚಿನ ಮನೆಗಳು ಬಹುಕಾಲ ಹಳೆಯ ಫಾಂಟುಗಳಲ್ಲೇ ಮುಂದುವರಿದವು. ಅದಕ್ಕೆ ಸೋಮಾರಿತನ ಕಾರಣವಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಯೂನಿಕೋಡ್ ಕನ್ನಡವನ್ನು ಜೋಡಿಸುವ ಶಕ್ತಿ ಅದಕ್ಕಿರಲಿಲ್ಲ. ಇನ್‌ಡಿಸೈನ್ ತಂತ್ರಾಂಶಕ್ಕೆ ಆ ಶಕ್ತಿ ಅಧಿಕೃತವಾಗಿ ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಇಂದಿಗೂ ಅದರಲ್ಲಿ 'ವರ್ಲ್ಡ್-ರೆಡಿ ಕಂಪೋಸರ್' ಎಂಬ ಆಯ್ಕೆಯನ್ನು ಮಾಡಿಕೊಳ್ಳದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲಬಹುದು.

ಈಗ ಉಗ್ರಾಣಿಯ ಕೆಲಸವೂ ಹಗುರಾಗಿದೆ. ಯೂನಿಕೋಡ್ ಬರಹಕ್ಕೆ ಬೇಕಾದ ಫಾಂಟ್ ಸಿಗದಿದ್ದರೆ ಯಂತ್ರ ಇನ್ನೊಂದು ಕನ್ನಡ ಫಾಂಟನ್ನೇ ಹುಡುಕಬಲ್ಲದು. ಏಕೆಂದರೆ ಇದು ಕನ್ನಡವೆಂದು ಅದಕ್ಕೆ ಗೊತ್ತು. ಯಾವ ಕನ್ನಡ ಫಾಂಟೂ ಇಲ್ಲದಿದ್ದರೆ ಖಾಲಿ ಚೌಕಗಳು ಕಾಣುತ್ತವೆ. ಆ ಚೌಕಗಳಿಗೆ ಕಸುಬಿನವರು 'ಟೋಫು' ಎನ್ನುತ್ತಾರೆ. ಅವು ಎಲ್ಲೂ ಕಾಣಬಾರದೆಂದು ಗೂಗಲ್ ಹೊರತಂದ ಫಾಂಟ್ ಕುಟುಂಬಕ್ಕೆ, 'ಟೋಫು ಬೇಡ' ಎಂಬ ಅರ್ಥದಲ್ಲಿ, 'ನೋಟೋ' ಎಂದು ಹೆಸರಿಟ್ಟರು. ಅದರಲ್ಲಿ ಕನ್ನಡವೂ ಇದೆ. ಫಾಂಟುಗಳನ್ನು ಕಡತದ ಜೊತೆಗೇ ಕಳುಹಿಸುವ ಪದ್ಧತಿಯೂ ಸುಧಾರಿಸಿದೆ. ಇನ್‌ಡಿಸೈನ್‌ನ 'ಪ್ಯಾಕೇಜ್' ಆಜ್ಞೆ ಕಡತ, ಚಿತ್ರ, ಫಾಂಟುಗಳನ್ನು ಒಂದೇ ಫೋಲ್ಡರಿನಲ್ಲಿ ಕಟ್ಟಿಕೊಡುತ್ತದೆ. 2010ರ ಸಿಎಸ್5 ಆವೃತ್ತಿಯಿಂದ ಮುಂದೆ, ಕಡತದ ಪಕ್ಕದಲ್ಲಿ 'ಡಾಕ್ಯುಮೆಂಟ್ ಫಾಂಟ್ಸ್' ಎಂಬ ಫೋಲ್ಡರಿದ್ದರೆ ಅದರೊಳಗಿನ ಫಾಂಟುಗಳು ಆ ಕಡತ ತೆರೆದಾಗ ತಾವಾಗಿಯೇ ಒದಗುತ್ತವೆ. ಬುತ್ತಿಯನ್ನು ಜೊತೆಗೇ ಕಟ್ಟಿಕೊಂಡು ಹೋದಂತೆ.

ಉಳಿದಿರುವ ಕೆಲಸ

ಮುಂದೆ ಬರೆಯುವುದು ಸುರಕ್ಷಿತ. ಈಗಾಗಲೇ ಬರೆದದ್ದರ ಗತಿಯೇನು? 1990ರ ದಶಕ ಮತ್ತು ಅದರ ನಂತರದ ಹಲವು ವರ್ಷಗಳ ಕನ್ನಡದ ಬಹುಪಾಲು ಅಚ್ಚುಕೆಲಸ ಹಳೆಯ ಪದ್ಧತಿಯ ಫಾಂಟುಗಳಲ್ಲೇ ನಡೆದಿದೆ. ಕಥೆ, ಕಾದಂಬರಿ, ಪಠ್ಯಪುಸ್ತಕ, ಪತ್ರಿಕೆ, ಅಭಿನಂದನ ಗ್ರಂಥ, ಸಂಘದ ವಾರ್ಷಿಕ ವರದಿ, ಮದುವೆ ಕಾಗದದ ವರೆಗೆ. ದೊಡ್ಡವರ ಪುಸ್ತಕಗಳು ಗ್ರಂಥಾಲಯದಲ್ಲಿ ಉಳಿಯುತ್ತವೆ. ಊರಿನ ಚರಿತ್ರೆ, ಜಾತ್ರೆಯ ಸ್ಮರಣ ಸಂಚಿಕೆ, ಯಾರೋ ಅಜ್ಜಿ ಹೇಳಿ ಬರೆಸಿದ ಹಾಡುಗಳ ಸಂಗ್ರಹ ಇಂಥವು ಮುನ್ನೂರೋ ಐನೂರೋ ಪ್ರತಿಗಳಲ್ಲಿ ಬಂದು ಹೋದವು. ಅವುಗಳ ಪಾಲಿಗೆ ಸಿ.ಡಿ.ಯಲ್ಲಿರುವ ಕಡತವೇ ಆಸ್ತಿ, ಫಾಂಟೇ ಅದರ ಬೀಗದ ಕೈ.

ಪಿಡಿಎಫ್ ಇದೆಯಲ್ಲ ಎಂದು ಕೆಲವರು ಸಮಾಧಾನ ಪಡುತ್ತಾರೆ. ಪಿಡಿಎಫ್‌ನೊಳಗೆ ಫಾಂಟ್ ಅಡಕವಾಗಿರುವುದರಿಂದ ಅದು ಕಣ್ಣಿಗೆ ಸರಿಯಾಗಿ ಕಾಣುತ್ತದೆ, ನಿಜ. ಅದರಲ್ಲಿ ಒಂದು ಊರಿನ ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಒಂದು ವಾಕ್ಯವನ್ನು ಪ್ರತಿ ಮಾಡಿ ಬೇರೆಡೆ ಅಂಟಿಸಿದರೆ ಮತ್ತೆ ಅದೇ ಪೌಂಡಿನ ಗುರುತು, ಗೆರೆಯ 'ಎ'. ಅದು ಬರಹದ ಚಿತ್ರವಷ್ಟೆ. ಕುರುಡರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದರಿಂದ ಒಂದು ಪದವೂ ದಕ್ಕುವುದಿಲ್ಲ.

ಆದ್ದರಿಂದ ಅಚ್ಚಿನ ಮನೆಗಳೂ ಲೇಖಕರೂ ಮಾಡಬೇಕಾದ ಕೆಲವು ಕೆಲಸಗಳಿವೆ. ಹಳೆಯ ಕಡತದ ಪಕ್ಕದಲ್ಲಿ ಅದಕ್ಕೆ ಬಳಸಿದ ಫಾಂಟಿನ ಹೆಸರು, ತಂತ್ರಾಂಶ, ಆವೃತ್ತಿಯನ್ನು ಬರೆದಿಡುವುದು ಮೊದಲನೆಯದು. ಪರವಾನಗಿ ಅನುಮತಿಸಿದರೆ ಫಾಂಟನ್ನೂ ಅಲ್ಲೇ ಇಡುವುದು. ಬೇರೆ ಆವೃತ್ತಿಯ ಅದೇ ಹೆಸರಿನ ಫಾಂಟಿನೊಡನೆ ಅದನ್ನು ಬೆರೆಸದಿರುವುದು. ಎರಡನೆಯದು, ಯಂತ್ರ ಬದಲಿಸುವ ಮೊದಲು ಹಳೆಯ ಯಂತ್ರದ ಫಾಂಟುಗಳನ್ನು ತೆಗೆದಿಡುವುದು. ಅದನ್ನು ಗುಜರಿಗೆ ಹಾಕಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳುವುದು. 'ನುಡಿ', 'ಬರಹ' ತಂತ್ರಾಂಶಗಳಲ್ಲೇ ಅದಕ್ಕೆ ಪರಿವರ್ತಕಗಳಿವೆ. ಆದರೆ ಪರಿವರ್ತಕವನ್ನು ಪೂರ್ತಿ ನಂಬುವಂತಿಲ್ಲ. ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಮ್ಮೆ ಮನುಷ್ಯರು ಕಣ್ಣಿಟ್ಟು ನೋಡಲೇಬೇಕು.

ಮೇಷ್ಟ್ರ ಸಿ.ಡಿ.ಯ ಕಥೆ ಸುಖವಾಗಿ ಮುಗಿಯಬಹುದು. ಹುಡುಗ ಜಾಣನಾಗಿದ್ದರೆ ಕಡತ ಕೇಳುತ್ತಿರುವ ಫಾಂಟಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಮೊದಲ ಮುದ್ರಣ ಮಾಡಿದ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಯಂತ್ರವೊಂದು ಇನ್ನೂ ಇದ್ದರೆ ಅದರಿಂದ ಫಾಂಟ್ ದೊರೆಯುತ್ತದೆ. ಫಾಂಟ್ ಹಾಕಿದ ಕ್ಷಣದಲ್ಲಿ ಪೌಂಡಿನ ಗುರುತುಗಳೆಲ್ಲ ನಕಾರಗಳಾಗಿ, ಗೆರೆಯ 'ಎ'ಗಳೆಲ್ಲ ತಲೆಕಟ್ಟುಗಳಾಗಿ, ಕೆರೆ ಕೆರೆಯಾಗಿ, ಕೋಟೆ ಕೋಟೆಯಾಗಿ ಮರಳಿ ಬರುತ್ತವೆ. ಆ ಯಂತ್ರ ಇಲ್ಲದಿದ್ದರೆ ಮನೆಯಲ್ಲಿ ಉಳಿದಿರುವ ಒಂದೇ ಪ್ರತಿಯನ್ನು ಮುಂದಿಟ್ಟುಕೊಂಡು ಇನ್ನೂರು ಪುಟಗಳನ್ನೂ ಹೊಸದಾಗಿ ಕೀಲಿಸಬೇಕು. ಆ ಒಂದು ಪ್ರತಿಯೂ ಇಲ್ಲದವರ ಪಾಡು ಹೇಳತೀರದು.

ಹಿಂದಿನ ಕಂಪಾಸಿಟರ್ ಸಂಜೆ ಕೈ ತೊಳೆದು ಮನೆಗೆ ಹೊರಡುವ ಮುನ್ನ ಮೊಳೆಗಳೆಲ್ಲ ಅವುಗಳ ಮನೆಗೆ ಸೇರಿದವೇ ಎಂದು ಕೇಸಿನ ಕಡೆಗೊಮ್ಮೆ ನೋಡುತ್ತಿದ್ದ. ಇಂದು ಗಣಕವನ್ನು ಆರಿಸುವ ಮುನ್ನ ಫಾಂಟುಗಳ ಕಡೆಗೆ ಅಂಥದೇ ಒಂದು ನೋಟ ಹರಿಸಿದರೆ ಸಾಕು.